ಅತ್ತೆ ಅಯೋನಾದಲ್ಲಿ ಬಿಟ್ಟು ಬಂದದ್ದು

ನಮ್ಮ ಅತ್ತೆಗೆ ಪಿಆರ್ ಬಂದ ದಿನ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದ್ದು ನಾನು. ಎರಡು ಸಾವಿರದ ಆರೋ ಏಳೋ ಇರಬೇಕು, ಇಸವಿ ನನಗೆ ಯಾವಾಗಲೂ ಕೈಕೊಡುತ್ತದೆ. ಪಿಆರ್ ಬಂತು ಅಂದರೆ ಅವರು ಇನ್ನು ಆಸ್ಟ್ರೇಲಿಯಾದಲ್ಲಿ ಕಾಯಂ ಇರಬಹುದು. ಉಳಿದ ಪ್ರಶ್ನೆ ಒಂದೇ, ಯಾರ ಮನೆಯಲ್ಲಿ? ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ಸಿಡ್ನಿಯಲ್ಲಿ, ಸಣ್ಣವರು, ಅಂದರೆ ನನ್ನ ಗಂಡ, ಮೆಲ್ಬರ್ನ್‌ನಲ್ಲಿ. ಅದುವರೆಗೆ ಅವರು ಹುಬ್ಬಳ್ಳಿಯಿಂದ ವಿಸಿಟರ್ ವೀಸಾದಲ್ಲಿ ಬಂದಾಗಲೆಲ್ಲ ಆರು ತಿಂಗಳನ್ನು ಮೂರು ಅಲ್ಲಿ, ಮೂರು ಇಲ್ಲಿ ಅಂತ ಹಂಚಿಕೊಂಡಿದ್ದೆವು.

ಬೇರೆ ಮನೆಗಳಲ್ಲಿ ಅತ್ತೆಯನ್ನು ಸಾಗಹಾಕುವುದಕ್ಕೆ ಸೊಸೆಯರು ಜಗಳಾಡುತ್ತಾರಂತೆ. ನಮ್ಮಲ್ಲಿ ಉಲ್ಟಾ. ನನಗೂ ಬೇಕು, ನನ್ನ ನೆಗೆಣ್ಣಿಗೂ ಬೇಕು. ಊರಿನ ನೆಂಟರು ಫೋನಿನಲ್ಲಿ "ಎಂಥಾ ಸೊಸ್ತೇರು ನೋಡವಾ" ಅಂತ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ನಾವು ಹೊಗಳಿಸಿಕೊಂಡು ಸುಮ್ಮನಿದ್ದೆವು. ನಿಜ ಏನು ಅಂದರೆ, ನಾನು ಮೆಲ್ಬರ್ನ್ ಅಂಚಿನ ಪಾಯಿಂಟ್ ಕುಕ್‌ನಿಂದ ಬೆಳಿಗ್ಗೆ ಏಳಕ್ಕೆ ಫ್ರೀವೇ ಹತ್ತಿದರೆ ಮನೆಗೆ ವಾಪಸ್ ಬರುವುದು ಸಂಜೆ ಆರಕ್ಕೆ. ಮಗಳಿಗೆ ಆರು ವರ್ಷ. ಅತ್ತೆ ಇದ್ದರೆ ಅವಳನ್ನು ಸ್ಕೂಲಿನಿಂದ ನಡೆಸಿಕೊಂಡು ಬಂದು, ಕೈಕಾಲು ತೊಳೆಸಿ, ತುತ್ತು ಮಾಡಿ ಉಣ್ಣಿಸಿ, ನಾನು ಬರುವಷ್ಟರಲ್ಲಿ ಅವಳ ತಲೆಯನ್ನೂ ಬಾಚಿರುತ್ತಿದ್ದರು. ಸಿಡ್ನಿಯಲ್ಲೂ ಅದೇ ಕತೆ. ನೆಗೆಣ್ಣಿಗೆ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಔಷಧಿ ಕಂಪನಿಯ ಕೆಲಸ, ನಾಲ್ಕು ವರ್ಷದ ಮಗ, ಚೈಲ್ಡ್‌ಕೇರ್‌ಗೆ ಹೋದರೆ ವಾರಕ್ಕೊಂದು ಜ್ವರ. ನಮ್ಮಿಬ್ಬರ ಪ್ರೀತಿಯ ಬುಡ ಇದು. ಪ್ರೀತಿಯೇ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಯಾವುದು ಎಷ್ಟು ಅಂತ ನಾವು ಬಿಡಿಸಿ ನೋಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಟಿವಿಯಲ್ಲಿ ಸ್ಕಾಟ್‌ಲ್ಯಾಂಡಿನ ನಡುಗಡ್ಡೆಗಳನ್ನು ನೋಡಿದರು. ಬಸ್ಸು ಹಡಗಿನ ಹೊಟ್ಟೆಯೊಳಗೆ ಹೋಗುತ್ತದೆ, ಆಚೆ ದಡದಲ್ಲಿ ಹಡಗು ಬಾಯಿ ತೆರೆದರೆ ಹೊರಗೆ ಬರುತ್ತದೆ, ರಸ್ತೆಯ ಮಧ್ಯೆ ಕುರಿ ಮಲಗಿವೆ. "ಇದನ್ನ ಒಮ್ಮಿ ನೋಡಬೇಕಲ್ಲಾ" ಅಂದರು. ಜೀವಮಾನದಲ್ಲಿ ಅವರು ಬೇಕು ಅಂದದ್ದು ನಾನು ಕೇಳಿದ್ದು ಅದೊಂದೇ. ನಾನು ತಕ್ಷಣ ಹತ್ತು ದಿನದ ಕೋಚ್ ಟೂರ್ ಹುಡುಕಿದೆ. ಸಿಡ್ನಿಗೆ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ನೆಗೆಣ್ಣಿ ಫೋನ್ ಮಾಡಿ, "ನೀ ಒಬ್ಬಾಕೇ ಯಾಕ ಕಷ್ಟಪಡ್ತಿ, ನಾನೂ ಬರ್ತೇನಿ" ಅಂದಳು. ಕಷ್ಟವಂತೆ! ನನಗೆ ಮೈಯೆಲ್ಲ ಉರಿಯಿತು. ಆದರೆ ಅಕ್ಕ ಅಂತ ಕರೆಯುವವಳನ್ನು ಬೇಡ ಅನ್ನಲಾದೀತೇ? ಮಕ್ಕಳನ್ನು ಗಂಡಂದಿರ ತಲೆಗೆ ಕಟ್ಟಿ ಮೂವರು ಹೆಂಗಸರು ಹೊರಟೆವು. ವಿಮಾನ ಹತ್ತುವ ಮುಂಚೆ ಅತ್ತೆ ಹೇಳಿದರು, "ಯಾರ ಮನ್ಯಾಗ ಇರ್ತೇನಿ ಅಂತ ಟೂರು ಮುಗಿಯೂದರೊಳಗ ಹೇಳ್ತೇನಿ. ಅಲ್ಲೀತನಕ ಕೇಳಬ್ಯಾಡ್ರಿ." ಕೇಳಬೇಡಿ ಅಂದರೇನು, ಹತ್ತು ದಿನ ನಮಗೆ ಬೇರೆ ಕೆಲಸವೇ ಇರಲಿಲ್ಲ.

ಕೋಚಿನಲ್ಲಿ ಒಂದು ನಿಯಮವಿತ್ತು. ಎಲ್ಲರಿಗೂ ಮುಂದಿನ ಸೀಟಿನ ನೋಟ ಸಿಗಲಿ ಅಂತ ದಿನಾ ಬೆಳಿಗ್ಗೆ ಪ್ರತಿಯೊಬ್ಬರೂ ಎರಡು ಸಾಲು ಹಿಂದೆ ಸರಿಯಬೇಕು, ಕೊನೆಯವರು ಸುತ್ತಿ ಮುಂದಕ್ಕೆ ಬರಬೇಕು. ಡ್ರೈವರ್ ಬಾಗಿಲ ಹತ್ತಿರ ಪಟ್ಟಿ ಅಂಟಿಸುತ್ತಿದ್ದ. ಸೀಟುಗಳು ಜೋಡಿ ಜೋಡಿ, ನಾವು ಮೂವರು. ಹಾಗಾಗಿ ಒಬ್ಬಳು ಅತ್ತೆಯ ಪಕ್ಕ, ಇನ್ನೊಬ್ಬಳು ಒಂಟಿಯಾಗಿ ಬಂದಿದ್ದ ಒಬ್ಬ ಇಂಗ್ಲಿಷ್ ಅಜ್ಜಿಯ ಪಕ್ಕ. ಇದಕ್ಕೂ ಪಾಳಿ ಹಚ್ಚಿದೆವು. ಅತ್ತೆಯ ಪಕ್ಕ ಕೂತವಳಿಗೆ ಆ ದಿನದ ಪ್ರಚಾರ. ನಾನು, "ಪಾಯಿಂಟ್ ಕುಕ್‌ನಾಗ ನಮ್ಮ ಮಂದಿ ಭಾಳ ರೀ, ನಿಮಗ ಮಾತಿಗೆ ಜನ ಸಿಗ್ತಾರ" ಅನ್ನುವೆ. ಮರುದಿನ ಹಿಂದಿನ ಸಾಲಿನಿಂದ ನೆಗೆಣ್ಣಿಯ ದನಿ, "ಮೆಲ್ಬರ್ನ್ ಚಳಿ ನಿಮ್ಮ ಮೊಣಕಾಲಿಗೆ ಆಗಂಗಿಲ್ಲ ಅತ್ತಿ." ಅತ್ತೆ ಇಬ್ಬರಿಗೂ "ಹೌದನ?" ಅಂದು ಕಿಟಕಿಯ ಕಡೆ ತಿರುಗುವರು.

ಇಬ್ಬರೂ ಊಟದ ವಿಷಯದಲ್ಲಿ ಪೈಪೋಟಿಗೆ ಬಿದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದೆವು. ಬೆಟ್ಟ, ಕೆರೆ, ಮೋಡ ನೋಡುತ್ತ ಮೂವತ್ತು ಮಂದಿ ಉಸಿರು ಬಿಗಿಹಿಡಿದು ಕೂತಿರುವಾಗ ಅತ್ತೆ ರೊಟ್ಟಿ ಮುರಿದರೆ ಇಡೀ ಬಸ್ಸಿಗೆ ಕೇಳುತ್ತಿತ್ತು. ಇಂಗ್ಲಿಷ್ ಅಜ್ಜಿ ಎರಡನೇ ದಿನ ತಾನೇ ಕೈ ಚಾಚಿದಳು. ಚಟ್ನಿ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತುಂಡು ಕೇಳಿದಳು. ಅತ್ತೆಗೆ ಅವಳ ಮೇಲೆ ಜೀವ ಬಂತು.

ಮೊದಲ ಹಡಗು ಉಲ್ಲಾಪೂಲ್‌ನಿಂದ ಲೂಯಿಸ್ ನಡುಗಡ್ಡೆಗೆ. ಕೋಚನ್ನು ಹೊಟ್ಟೆಯಲ್ಲಿ ಬಿಟ್ಟು ನಾವು ಮೇಲೆ ಹತ್ತಬೇಕು. ಅತ್ತೆ ಮೆಟ್ಟಿಲ ಮೇಲೆ ನಿಂತು ಎರಡು ಸಲ ಹಿಂತಿರುಗಿ ಬಸ್ಸನ್ನು ನೋಡಿದರು, ಕಟ್ಟಿಹಾಕಿದ್ದಾರೋ ಇಲ್ಲವೋ ಅಂತ. ಲೂಯಿಸ್‌ನಲ್ಲಿ ಗಿಡಮರ ಇಲ್ಲವೇ ಇಲ್ಲ ಅನ್ನಬೇಕು. ಕಂದು ಬಯಲು, ನೀರಿನ ಹೊಂಡಗಳು, ಗಾಳಿ. ರಸ್ತೆ ಬದಿಗೆ ಕರಿ ಇಟ್ಟಿಗೆಯಂಥವನ್ನು ಅಚ್ಚುಕಟ್ಟಾಗಿ ಒಟ್ಟಿದ್ದರು. ಅದನ್ನು ಕಂಡದ್ದೇ ಅತ್ತೆ ಎದ್ದು ನಿಂತುಬಿಟ್ಟರು. "ಇಲ್ಲೂ ಕುಳ್ಳು ತಟ್ತಾರ!" ಫೋಟೋಕ್ಕೆ ಅಂತ ಬಸ್ಸು ನಿಂತಾಗ ಹೋಗಿ ಒಂದನ್ನು ಎತ್ತಿ, ಮುರಿದು, ಮೂಸಿ ನೋಡಿದರು. ಡ್ರೈವರ್ ಓಡಿ ಬಂದು, ಅದು ಕೆಸರುಭೂಮಿಯಿಂದ ಕೊಯ್ದು ಒಣಗಿಸಿದ ಮಣ್ಣು, ಒಲೆಗೆ ಹಾಕುತ್ತಾರೆ ಅಂತ ವಿವರಿಸಿದ. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ತುಂಡನ್ನು ಇದ್ದಲ್ಲೇ ಜೋಡಿಸಿಟ್ಟು, "ಸೆಗಣಿ ಅಲ್ಲ ಖರೆ. ಆದ್ರ ಒಟ್ಟೂ ರೀತಿ ನಮ್ದ" ಅಂದರು.

ಮರುದಿನ ಭಾನುವಾರ. ಲೂಯಿಸ್‌ನಲ್ಲಿ ಭಾನುವಾರ ಅಂಗಡಿ ಇಲ್ಲ, ಹಡಗಿಲ್ಲ, ಬಟ್ಟೆ ಕೂಡ ಒಣಹಾಕುವುದಿಲ್ಲ. ಬಸ್ಸಿನವರೆಲ್ಲ ಹೋಟೆಲಿನಲ್ಲಿ ಕೂತು ಗೊಣಗಿದರು. ಅತ್ತೆ ಮಾತ್ರ ಒಪ್ಪಿಕೊಂಡರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಹಾಗೇ ಇದು ಅಂದರು. "ವಾರಕ್ಕೊಮ್ಮಿ ಎತ್ತಿಗೂ ಬಿಡುವು ಐತಿ" ಅಂದದ್ದು ಕೇಳಿ ನಾನೂ ನೆಗೆಣ್ಣಿಯೂ ನಕ್ಕೆವು. ಅದರಲ್ಲಿ ನಮಗೆ ಬೇರೇನೂ ಕೇಳಿಸಲಿಲ್ಲ.

ಮುಂದೆ ಹ್ಯಾರಿಸ್, ಅಲ್ಲಿಂದ ಹಡಗಿನಲ್ಲಿ ಸ್ಕೈ ಎಂಬ ನಡುಗಡ್ಡೆ. ಸ್ಕೈಯಲ್ಲಿ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟು ಅಂದರೆ ಮೆಲ್ಬರ್ನ್‌ನಲ್ಲಿ ಸಂಜೆ. ಹೋಟೆಲಿನ ಪಕ್ಕದ ಫೋನ್ ಬೂತಿನಿಂದ ಕಾಲಿಂಗ್ ಕಾರ್ಡ್ ಹಾಕಿ ಗಂಡನಿಗೆ ಮೊದಲು ಮಾಡಿ, "ಪಾಪೂಗೆ ಹೇಳಿಕೊಡು, ಅಜ್ಜಿ ಫೋನಿಗೆ ಬಂದಾಗ ಅವಳೇ ಕೇಳಲಿ" ಅಂದೆ. ಆಮೇಲೆ ಅತ್ತೆಯನ್ನು ಕರೆತಂದು ಫೋನ್ ಕೈಗೆ ಕೊಟ್ಟೆ. ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ಪ್ಲೀಸ್ ಲಿವ್ ವಿತ್ ಅಸ್, ನಾಟ್ ಸಿಡ್ನಿ" ಅಂತ ಗಿಳಿಪಾಠ ಒಪ್ಪಿಸಿದಳು. ಅತ್ತೆ, "ಆತು ಬಂಗಾರ, ಉಂಡೇನ?" ಅಂತಷ್ಟೇ ಕೇಳಿ ಫೋನ್ ಇಟ್ಟರು. ಹೊರಗೆ ನಿಂತಿದ್ದ ನೆಗೆಣ್ಣಿಗೆ ಎಲ್ಲ ಅರ್ಥವಾಗಿತ್ತು.

ಸ್ಕೈಯಿಂದ ವಾಪಸ್ ಮುಖ್ಯಭೂಮಿಗೆ ದಾಟುವ ಹಡಗಿನ ಡೆಕ್ಕಿನ ಮೇಲೆ ಅವಳು ನನ್ನನ್ನು ಹಿಡಿದಳು. "ಕೂಸಿನ್ನ ಮುಂದ ಮಾಡ್ಕೊಂಡು ಆಟ ಆಡ್ತಿ? ನಾಚಿಕಿ ಬರಬೇಕು ನಿನಗ."

"ಮೊಣಕಾಲಿನ ನೆಪ ಮಾಡ್ಕೊಂಡು ಮೂರು ದಿನದಿಂದ ನೀ ಆಡಿದ್ದೇನು ಅಕ್ಕಾ?" ಅಂದೆ.

"ನನಗ ಅವರು ಬೇಕು. ನನ್ನ ಮಗ ಇದೇ ತಿಂಗಳು ಎರಡು ಸಲ ಜ್ವರದಾಗ ಮಲಗ್ಯಾನ."

"ನನಗೇನು ಬ್ಯಾಡ? ನಾ ಆರು ಗಂಟೇಕ ಮನಿ ಮುಟ್ಟಾಕಿ."

ಹೀಗೆ ಗಾಳಿಯಲ್ಲಿ ಸೆರಗು ಹಾರಿಸಿಕೊಂಡು ಅರ್ಧ ಗಂಟೆ ಕಿತ್ತಾಡಿದೆವು. ಆಚೆ ಈಚೆಯವರಿಗೆ ಭಾಷೆ ಬರುವುದಿಲ್ಲ ಅನ್ನುವ ಧೈರ್ಯ. ಭಾಷೆ ಬರುವ ಒಬ್ಬರು ನಮ್ಮ ಬೆನ್ನ ಹಿಂದೆ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು ಅಂತ ಗೊತ್ತಾದದ್ದು ಇಳಿಯುವಾಗ. ಮಾರನೆಯ ದಿನ ಅತ್ತೆ ಪಟ್ಟಿಯಲ್ಲಿ ತಮ್ಮ ಪಕ್ಕದ ಸೀಟು ಯಾರದ್ದು ಅಂತ ನೋಡಿ, ಹೋಗಿ ಇಂಗ್ಲಿಷ್ ಅಜ್ಜಿಯ ಪಕ್ಕ ಕೂತರು. ನಾವಿಬ್ಬರು ಸೊಸೆಯರು ಒಂದೇ ಸೀಟಿನಲ್ಲಿ, ಮುಖ ಒಂದೊಂದು ದಿಕ್ಕಿಗೆ. ಡ್ರೈವರ್ ಪಟ್ಟಿ ನೋಡಿ ತಲೆ ಕೆರೆದುಕೊಂಡ.

ಕೊನೆಯ ನಡುಗಡ್ಡೆ ಅಯೋನಾ. ಮಲ್ ಎಂಬ ದೊಡ್ಡ ನಡುಗಡ್ಡೆಯನ್ನು ಒಂಟಿ ರಸ್ತೆಯಲ್ಲಿ ಪೂರ್ತಿ ದಾಟಿದರೆ ಅದರ ತುದಿಗೆ ಒಂದು ದಕ್ಕೆ. ಕೋಚು ಅಲ್ಲೇ ನಿಲ್ಲಬೇಕು, ಅಯೋನಾಕ್ಕೆ ನಡೆಯುವವರಿಗಷ್ಟೇ ಸಣ್ಣ ಹಡಗು, ಹತ್ತು ನಿಮಿಷ. ದೋಣಿಯಲ್ಲಿ ಅತ್ತೆ, ನಮ್ಮ ಜೊತೆ ಬಂದಿದ್ದ ಡ್ರೈವರನ್ನು ಕೇಳು ಅಂದರು, "ಅಲ್ಲಿ ಯಾವ ದೇವರು?" ಅವನು ಹೇಳಿದ್ದನ್ನು ನಾನು ಹೇಳಿದೆ. ಬಹಳ ಹಿಂದೆ ಒಬ್ಬ ಸನ್ಯಾಸಿ ಸಮುದ್ರ ದಾಟಿ ಬಂದು ಮಠ ಕಟ್ಟಿದನಂತೆ, ಹಳೆಯ ಕಾಲದ ರಾಜರು ಸತ್ತ ಮೇಲೆ ಅಲ್ಲೇ ಮಣ್ಣಾಗಬೇಕು ಅಂತ ಬಯಸುತ್ತಿದ್ದರಂತೆ, ಜನ ಈಗಲೂ ನಡೆದುಕೊಳ್ಳಲು ಬರುತ್ತಾರಂತೆ. ಅತ್ತೆ, "ಹಂಗಂದ್ರ ಇದು ಇವರ ಕಾಶಿ" ಅಂದರು.

ಅವರು ಕಾಶಿ ನೋಡಿರಲಿಲ್ಲ. ಓಣಿಯ ಹೆಂಗಸರ ಜೊತೆ ಮೂರು ಸಲ ಹೆಸರು ಕೊಟ್ಟಿದ್ದರು, ಮೂರು ಸಲವೂ ಯಾರದೋ ಬಾಣಂತನ ಬಂತು. ಮೊದಲಿನದು ಅವರ ತಂಗಿಯದು, ಎರಡನೆಯದು ನನ್ನದು, ಮೂರನೆಯದು ನೆಗೆಣ್ಣಿಯದು. ಇದನ್ನು ನಾವು ಮನೆಯಲ್ಲಿ ಎಷ್ಟೋ ಸಲ ತಮಾಷೆಯಾಗಿ ಹೇಳಿಕೊಂಡಿದ್ದೇವೆ. ಅವರೂ ನಗುತ್ತಿದ್ದರು.

ಮಠ ನೋಡಿ ಆದ ಮೇಲೆ ಅತ್ತೆ ಸಮುದ್ರದ ಕಡೆ ನಡೆದರು. ಬಿಳಿ ಮರಳು, ತಿಳಿ ಹಸಿರು ನೀರು, ಬಿಸಿಲಿತ್ತು. ಶೂ ಕಳಚಿ, ಸೀರೆಯ ನಿರಿಗೆ ಎತ್ತಿ ಕಟ್ಟಿ ಮೊಣಕಾಲ ತನಕ ಇಳಿದರು. ಆ ನೀರು ಎಷ್ಟು ತಣ್ಣಗೆ ಅಂದರೆ ನಾನು ಹೆಬ್ಬೆರಳು ಇಟ್ಟು ತೆಗೆದಿದ್ದೆ. ಅವರು ಮೂರು ಬೊಗಸೆ ನೀರು ಎತ್ತಿ ಬಿಟ್ಟು, ಕೈಮುಗಿದು, ತುಟಿ ಅಲುಗಿಸುತ್ತ ಬಹಳ ಹೊತ್ತು ನಿಂತರು. ನೆಗೆಣ್ಣಿ ಎರಡು ದಿನದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು, "ಏನೋ ಬಿಡಾಕತ್ತಾರ ಅನಸ್ತೈತಿ."

ಕಾಶಿಗೆ ಹೋದವರು ಅಲ್ಲಿ ಒಂದನ್ನು ಬಿಟ್ಟು ಬರಬೇಕು, ನಮ್ಮ ಪದ್ಧತಿ. ಒಂದು ಹಣ್ಣೋ ಕಾಯಿಪಲ್ಲೆಯೋ, ಮತ್ತೆ ಜನ್ಮದಲ್ಲಿ ಮುಟ್ಟುವ ಹಾಗಿಲ್ಲ. ಅದೂ ಇಷ್ಟದ್ದನ್ನೇ ಬಿಡಬೇಕು. ಬೇಡದ್ದನ್ನು ಬಿಟ್ಟರೆ ಬಿಟ್ಟ ಹಾಗಲ್ಲ. ನಮ್ಮ ಅಜ್ಜಿ ಮಾವಿನಹಣ್ಣು ಬಿಟ್ಟು ಬಂದು ಆಮೇಲೆ ಇಪ್ಪತ್ತು ಬೇಸಿಗೆ ನಮಗೆ ಹೆಚ್ಚಿ ಕೊಟ್ಟು ತಾನು ಕೈ ತೊಳೆದುಕೊಳ್ಳುತ್ತಿದ್ದಳು. ನಾನೂ ನೆಗೆಣ್ಣಿಯೂ ಮರಳ ಮೇಲೆ ಕೂತು ಅತ್ತೆ ಏನು ಬಿಟ್ಟಿರಬಹುದು ಅಂತ ಊಹಿಸಿದೆವು. ಎಣ್ಣೆಗಾಯಿ ಬದನೆ ಅಂತ ಅವಳು, ಚಹಾ ಅಂತ ನಾನು. ಚಹಾ ಬಿಟ್ಟರೆ ತಲೆನೋವು ಬಂದೀತು ಅಂತ ಇಬ್ಬರಿಗೂ ಚಿಂತೆಯಾಯಿತು. ಅತ್ತೆ ಬಂದರು, ಕಾಲು ಕೆಂಪಗಾಗಿತ್ತು. "ಏನು ಬಿಟ್ರಿ ಅತ್ತಿ?" ಅಂದರೆ, "ದೊಡ್ಡ ಹಡಗ ಹತ್ತಿದ ಮ್ಯಾಲೆ ಹೇಳ್ತೇನಿ" ಅಂದರು.

ದೊಡ್ಡ ಹಡಗು ಅಂದರೆ ಮಲ್‌ನಿಂದ ಓಬಾನ್‌ಗೆ ಹೋಗುವುದು, ಮುಕ್ಕಾಲು ಗಂಟೆ. ಅದು ನಮ್ಮ ಟೂರಿನ ಕೊನೆಯ ಹಡಗು. ಒಳಗೆ ಕಿಟಕಿಯ ಪಕ್ಕ ಮೇಜಿನ ಸುತ್ತ ಕೂತೆವು. ನೆಗೆಣ್ಣಿ ಚಹಾ ತಂದಳು. ಅತ್ತೆ ತೆಗೆದುಕೊಂಡು ಕುಡಿದರು. ನನ್ನ ಊಹೆ ತಪ್ಪು ಅಂತ ನೆಗೆಣ್ಣಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು.

"ನಿಮ್ಮ ಮಕ್ಕಳನ್ನ ನೋಡಿಕೊಳ್ಳೂದು ಬಿಟ್ಟೇನಿ" ಅಂದರು ಅತ್ತೆ.

ಅವರ ದನಿ ಮೆತ್ತಗೇ ಇತ್ತು. "ಸಾಲಿಗೆ ಕಳಸೂದು, ಕರಕೊಂಡು ಬರೂದು, ಉಣ್ಣಿಸೂದು, ಮಲಗಿಸೂದು, ಬುದ್ಧಿ ಹೇಳೂದು, ಎಲ್ಲಾ. ನೀರಾಗ ನಿಂತು ಬಿಟ್ಟೇನಿ, ಇನ್ನ ಮುಟ್ಟಂಗಿಲ್ಲ. ಮೊನ್ನೆ ನೀವು ಇಬ್ಬರೂ ಆಡಿದ್ದೆಲ್ಲಾ ಕೇಳೀನಿ. ಅರ್ಧ ತಾಸಿನಾಗ ಒಮ್ಮೆರ ಯಾರಾರ 'ಅತ್ತಿ ಹೆಂಗದಾರ' ಅಂದ್ರ್ಯಾ? ನಾ ಬೇಕೋ, ನನ್ನ ಕೈ ಬೇಕೋ, ನನಗೂ ತಿಳೀಬೇಕಲ್ಲ. ಈಗ ಹೇಳ್ರಿ. ನಾ ಯಾರ ಮನಿಗೆ ಬರ್ಲಿ?"

ಇಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ಇಬ್ಬರೂ ಒಟ್ಟಿಗೆ "ನಮ್ಮನಿಗೆ" ಅಂದೆವು ಅಂತ ಬರೆದುಬಿಡಬಹುದು. ನಾವು ಬಾಯಿ ಬಿಡಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಕರೆತಂದದ್ದಕ್ಕೆ ಇದೇನಾ ಅಂತ. ಆಮೇಲೆ ಜೂನ್ ಮುಗಿದು ಜುಲೈ, ಮಗಳ ಟರ್ಮ್ ಶುರು, ಮೂರೂವರೆಗೆ ಅವಳನ್ನು ಯಾರು ಕರೆತರುತ್ತಾರೆ ಅಂತ ತಲೆ ಓಡಿತು. ನೆಗೆಣ್ಣಿ ಚಹಾದ ಲೋಟವನ್ನು ತಿರುಗಿಸುತ್ತಿದ್ದಳು. ಅವಳ ತಲೆಯೂ ಅದೇ ದಾರಿಯಲ್ಲಿ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹೊರಗೆ ಒಂದು ದೀಪಸ್ತಂಭ ಬಂತು, ಹಿಂದೆ ಹೋಯಿತು. ಅತ್ತೆ ನಮ್ಮಿಬ್ಬರ ಮುಖ ನೋಡುತ್ತ ಕೂತಿದ್ದರು. ಅವರು ಕಣ್ಣು ಕದಲಿಸಲಿಲ್ಲ. ಕೊನೆಗೆ ಅವರು ತಲೆ ತಗ್ಗಿಸಿ ಸೆರಗಿನಿಂದ ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸಿದರು. ನನಗೆ ಅದನ್ನು ನೋಡಲಾಗಲಿಲ್ಲ.

"ನಮ್ಮನಿಗೆ ಬರ್ರಿ" ಅಂದೆ. ಒಳ್ಳೆಯತನದಿಂದ ಅಂದದ್ದಲ್ಲ, ನಾಚಿಕೆ ತಡೆಯಲಾಗದೆ ಅಂದದ್ದು. ನೆಗೆಣ್ಣಿಯೂ ಬೆನ್ನಿಗೇ, "ನಮ್ಮನಿ ಏನು ಬ್ಯಾರೆ ಐತೇನು ಅತ್ತಿ" ಅಂದು ಅತ್ತುಬಿಟ್ಟಳು.

"ಓಬಾನ್ ಬರಾಕ ಬಂತು. ಎಷ್ಟೊತ್ತು ಬೇಕಾತವಾ ನಿಮಗ" ಅಂದರು ಅತ್ತೆ. ಬೈಗುಳದ ಹಾಗೆ ಇರಲಿಲ್ಲ ಅದು. "ಸಣ್ಣಾಕಿ ಮೊದಲ ಕರದಾಳ, ಅಕೀ ಮನ್ಯಾಗ ಇರ್ತೇನಿ. ಸಿಡ್ನಿಗೆ ಹಬ್ಬಕ್ಕ ಬರ್ತೇನಿ. ನಡೀರಿ, ಬಸ್ಸಿನ್ಯಾಗ ಕುಂದ್ರಾಕ ಕರ್ಯಾಕತ್ತಾರ."

ಹಾಗೆ ಅತ್ತೆ ಪಾಯಿಂಟ್ ಕುಕ್‌ಗೆ ಬಂದರು. ಮಗಳನ್ನು, ಪಾಠ ಮುಗಿದ ಮೇಲೆ ಸಂಜೆತನಕ ಮಕ್ಕಳನ್ನು ನೋಡಿಕೊಳ್ಳಲು ಸ್ಕೂಲಿನಲ್ಲೇ ನಡೆಯುವ ಆಫ್ಟರ್‌ಕೇರ್‌ಗೆ ಸೇರಿಸಿದೆವು. ಅತ್ತೆ ವ್ರತ ಅಂದರೆ ವ್ರತ. ಮಗಳು ಮೊದಲ ವಾರ ಊಟಕ್ಕೆ ಬಾಯಿ ತೆರೆದು ಕೂತಳು, ಅವರು ಎದ್ದು ಅಡುಗೆಮನೆಗೆ ಹೋದರು. ಹೋಮ್‌ವರ್ಕ್ ತಂದರೆ, "ನಿಮ್ಮವ್ವನ್ನ ಕೇಳು." ಅಡುಗೆ ಮಾಡುತ್ತಿದ್ದರು, ಟಿವಿ ನೋಡುತ್ತಿದ್ದರು, ಬುಧವಾರ ಹಿರಿಯರ ಬಳಗದ ವ್ಯಾನಿನಲ್ಲಿ ಹೋಗಿ ಬರುತ್ತಿದ್ದರು. ನಾನು ಕರೆದು ಇಟ್ಟುಕೊಂಡೆನಲ್ಲ, ನನಗೆ ಸಿಟ್ಟು ಬರುತ್ತಿರಲಿಲ್ಲ ಅಂತ ತಿಳಿಯಬೇಡಿ. ಆಫೀಸಿನಿಂದ ಫ್ರೀವೇಯಲ್ಲಿ ಒದ್ದಾಡಿಕೊಂಡು ಬಂದು, ಕೊನೆಯ ಮಗುವಾಗಿ ಉಳಿದ ಮಗಳನ್ನು ಕರೆದುಕೊಂಡು ಮನೆಗೆ ಬಂದರೆ ಇವರು ಸೋಫಾದ ಮೇಲೆ ಬೆಚ್ಚಗೆ ಕೂತಿರುತ್ತಿದ್ದರು. ಗಂಡನ ಮುಂದೆ ಒಂದು ದಿನ, "ನಿಮ್ಮವ್ವಂದು ಕಲ್ಲಿನ ಎದಿ" ಅಂತ ಅಂದೇಬಿಟ್ಟೆ.

ಫೆಬ್ರವರಿಯಲ್ಲಿ ಒಂದು ದಿನ ಆಫೀಸಿನ ಮೀಟಿಂಗ್ ರದ್ದಾಗಿ ನಾಲ್ಕೂವರೆಗೇ ಸ್ಕೂಲು ಮುಟ್ಟಿದೆ. ಸುಡುವ ಬಿಸಿಲು. ಕಾರು ನಿಲ್ಲಿಸಿ ನೋಡುತ್ತೇನೆ, ಆಟದ ಬಯಲಿನ ಬೇಲಿಯ ಹೊರಗೆ, ಫುಟ್‌ಪಾತಿನ ಮೇಲೆ ಅತ್ತೆ. ಸೀರೆ, ಕೆಳಗೆ ಓಟದ ಶೂ, ತಲೆಯ ಮೇಲೆ ಸೆರಗು. ಎರಡೂ ಕೈಯಿಂದ ಬೇಲಿಯ ತಂತಿ ಹಿಡಿದುಕೊಂಡು ಒಳಗೆ ನೋಡುತ್ತಿದ್ದರು. ಗೇಟಿನ ಹತ್ತಿರ ಇದ್ದ ಆಫ್ಟರ್‌ಕೇರ್‌ನ ಹುಡುಗಿ ನನ್ನನ್ನು ಕಂಡು ಬಂದಳು. ದಿನಾ ನಾಲ್ಕಕ್ಕೆ ಬರುತ್ತಾರೆ, ಐದರ ತನಕ ನಿಲ್ಲುತ್ತಾರೆ, ಒಳಗೆ ಬಾ ಅಂದರೆ ತಲೆಯಾಡಿಸಿ 'ನೋ, ನೋ' ಅನ್ನುತ್ತಾರೆ, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆವು ಅಂದಳು. ಯಾವಾಗಿನಿಂದ ಅಂತ ಕೇಳಿದೆ. ಹೋದ ವರ್ಷ ಮಗಳು ಸೇರಿದಾಗಿನಿಂದ.

ಇಷ್ಟದ್ದನ್ನೇ ಬಿಡಬೇಕು ಅನ್ನುವ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಎಂಟು ತಿಂಗಳು ಒಂದೇ ಮನೆಯಲ್ಲಿ ಉಂಡು ಮಲಗಿ ಒಂದು ಸಲವೂ ಅದನ್ನು ಅವರಿಗೆ ಹಚ್ಚಿ ನೋಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೋಗಿ ಅವರ ಪಕ್ಕ ನಿಂತೆ. ಅವರು ಸಿಕ್ಕಿಬಿದ್ದವರ ಹಾಗೆ ತಂತಿಯಿಂದ ಕೈ ತೆಗೆದು, "ಸುಮ್ಮ ಅಡ್ಡಾಡಾಕ ಬಂದಿದ್ದೆ" ಅಂದರು. ಆಮೇಲೆ ಮತ್ತೆ ಒಳಗೆ ನೋಡುತ್ತ ಮೆಲ್ಲಗೆ ಅಂದರು, "ಆಕಿ ಟೊಪ್ಪಿಗಿ ಹಾಕ್ಕೊಂಡಿಲ್ಲ ನೋಡು, ಬಿಸಿಲು ಹೆಂಗೈತಿ. ನಾ ಹೇಳೂ ಹಂಗಿಲ್ಲ. ನೀ ಹೇಳು."

ನಾನು ಬೇಲಿಯ ಆಚೆಗೆ ಮಗಳ ಹೆಸರು ಹಿಡಿದು ಕೂಗಿ, ಟೋಪಿ ಹಾಕಿಕೋ ಅಂದೆ.